ಭಟ್ಕಳ, ಹೊನ್ನಾವರ, ಕುಮಟಾ ತೀರದಲ್ಲಿ ವಲಸೆ ಬಂದವರ ಜೀವನೋಪಾಯ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ನೆಲಸಿರುವ ಜನವರ್ಗಗಳನ್ನು ಕುರಿತು ಇದುವರೆಗೆ ಪ್ರಕಟವಾಗಿರುವ ಬರಹಗಳು ಬಹುಮಟ್ಟಿಗೆ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. ಇವರು ಎಲ್ಲಿಂದ ಬಂದರು ಎಂಬುದು ಒಂದು. ಬರುವಾಗ ಯಾವ ದೇವರನ್ನು ತಂದರು ಎಂಬುದು ಇನ್ನೊಂದು. ಇವೆರಡೂ ಮುಖ್ಯವಾದ ಪ್ರಶ್ನೆಗಳೇ. ಆದರೆ ಊರು ಬಿಟ್ಟು ಬಂದವನಿಗೆ ದೇವರ ಗುಡಿಯನ್ನು ಕಟ್ಟುವುದಕ್ಕೆ ಮೊದಲು ಮಳೆಗಾಲವನ್ನು ಕಳೆಯಬೇಕಾಗುತ್ತದೆ. ಮನೆಮಂದಿಗೆ ಗಂಜಿಯನ್ನು ಒದಗಿಸಬೇಕಾಗುತ್ತದೆ. ಬಂದ ಹೊಸತರಲ್ಲಿ ಇವರು ಯಾವ ಕೆಲಸವನ್ನು ಮಾಡಿದರು, ಆ ಕೆಲಸ ಅವರಿಗೆ ಮೊದಲೇ ತಿಳಿದಿದ್ದಿತೇ ಅಥವಾ ಇಲ್ಲಿ ಬಂದು ಕಲಿತರೇ, ಅದನ್ನು ಕೊಟ್ಟವರು ಯಾರು, ಏತಕ್ಕಾಗಿ ಕೊಟ್ಟರು—ಈ ಮೂರನೆಯ ಪ್ರಶ್ನೆಯನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ಎತ್ತಿಲ್ಲ. ಪ್ರಸ್ತುತ ಲೇಖನದಲ್ಲಿ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳನ್ನು ಮುಖ್ಯವಾಗಿ ಕಣ್ಣಮುಂದೆ ಇರಿಸಿಕೊಂಡು ಈ ಪ್ರಶ್ನೆಯನ್ನು ಸ್ವಲ್ಪಮಟ್ಟಿಗೆ ವಿಚಾರಿಸಲು ಉದ್ದೇಶಿಸಿದ್ದೇವೆ.

'ನಿರಾಶ್ರಿತ', 'ಪುನರ್ವಸತಿ' ಎಂಬ ಮಾತುಗಳು ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದುದು 1947ರ ದೇಶವಿಭಜನೆಯ ಅನಂತರ. ಆದಕಾರಣ ನಿರಾಶ್ರಿತರಿಗೆ ಉದ್ಯೋಗವನ್ನು ಒದಗಿಸುವುದು ಈಚಿನ ಸರ್ಕಾರಗಳು ಹೊಸದಾಗಿ ಕೈಗೊಂಡ ಕೆಲಸವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಇದು ಸರಿಯಲ್ಲ. ಇದಕ್ಕೆ ಎದುರಾಗಿ, ನಮ್ಮ ಹಿಂದಿನ ಅರಸರು ಕೇವಲ ಕರುಣೆಯಿಂದ ಬಂದವರೆಲ್ಲರನ್ನೂ ಪೋಷಿಸಿದರೆಂಬ ಮಾತೂ ಅಭಿಮಾನದ ಭಾಷಣಗಳಲ್ಲಿ ಕೇಳಿಬರುತ್ತದೆ. ಅದೂ ಅಷ್ಟೇ ಸರಿಯಲ್ಲ. ಕರುಣೆ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕರುಣೆಯೊಂದರಿಂದಲೇ ನಾಲ್ಕು ತಲೆಮಾರು ಅನ್ನ ಹುಟ್ಟುವುದಿಲ್ಲ.

ಮೊದಲು ಈ ತೀರದ ಸ್ವಭಾವವನ್ನು ನೆನೆಯಬೇಕು. ಶರಾವತಿ, ಅಘನಾಶಿನಿ ನದಿಗಳ ಮುಖದಲ್ಲಿರುವ ರೇವುಗಳೂ ಭಟ್ಕಳದ ರೇವೂ ಘಟ್ಟದ ಮೇಲಿನ ಮೆಣಸನ್ನು, ಅಕ್ಕಿಯನ್ನು ಕಡಲಾಚೆಗೆ ಕಳುಹಿಸಿ ಕುದುರೆಗಳನ್ನು ತರಿಸಿಕೊಳ್ಳುತ್ತಿದ್ದ ರೇವುಗಳು. ಅರಬರ ಹಡಗುಗಳೊಡನೆ ಬಂದು ನೆಲಸಿದವರ ಸಂತತಿಯೆಂದು ಹೇಳಲಾಗುವ ನವಾಯತರು ಭಟ್ಕಳದಲ್ಲಿ ಬೇರೂರಿದುದು ಈ ವ್ಯಾಪಾರದಿಂದ. 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತನು ಆ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಶಾಲೆಗಳಿದ್ದುವೆಂದು ಬರೆದಿರುವುದು ಪ್ರಸಿದ್ಧವಾಗಿದೆ. ಪರಸ್ಥಳದಿಂದ ಬಂದ ವರ್ತಕಸಮಾಜವೊಂದು ತನ್ನ ಮಕ್ಕಳ ಓದನ್ನು ಇಷ್ಟರಮಟ್ಟಿಗೆ ವ್ಯವಸ್ಥೆಗೊಳಿಸಿಕೊಂಡಿದ್ದಿತೆಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಮಾತು ಬರುತ್ತದೆ.

ಈ ತೀರ ಜನರನ್ನು ಬರಮಾಡಿಕೊಂಡಂತೆಯೇ ಹೊರಗೆ ಅಟ್ಟಿದ್ದೂ ಉಂಟು. 15ನೆಯ ಶತಮಾನದ ಉತ್ತರಾರ್ಧದಲ್ಲಿ, ಪೋರ್ಚುಗೀಸ್ ಚರಿತ್ರಕಾರ ಬಾರೋಸನ ಪ್ರಕಾರ 1479ರ ಸುಮಾರಿಗೆ, ಬಹಮನಿ ಸುಲ್ತಾನರಿಗೆ ಕುದುರೆಗಳನ್ನು ಮಾರಿದರೆಂಬ ಕಾರಣಕ್ಕೆ ವಿಜಯನಗರದ ಅರಸನ ಆಜ್ಞೆಯಿಂದ ಭಟ್ಕಳದ ಮುಸಲ್ಮಾನರ ಕಗ್ಗೊಲೆ ನಡೆಯಿತು. ಉಳಿದವರು ಓಡಿಹೋಗಿ ಗೋವೆಯಲ್ಲಿ ನೆಲಸಿ ಅಲ್ಲಿನ ಬಂದರನ್ನು ಬೆಳೆಸಿದರು. ಗೋವೆಯಿಂದ ಇತ್ತ ಬಂದವರ ಕತೆಯನ್ನು ಹೇಳುವವರು ಅದಕ್ಕೆ ಕೆಲವೇ ದಶಕಗಳ ಹಿಂದೆ ಇಲ್ಲಿಂದ ಅತ್ತ ಹೋದವರ ಈ ಕತೆಯನ್ನೂ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.

1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದನು. ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯನು ಅವನಿಗೆ ನೆರವಾದ ಸಂಗತಿ ಎಲ್ಲರಿಗೂ ತಿಳಿದುದೇ. 1540ರಲ್ಲಿ ಗೋವಾ ದ್ವೀಪದ ದೇವಾಲಯಗಳ ನಾಶ, 1543ರಲ್ಲಿ ಸಾಷ್ಟಿ ಮತ್ತು ಬಾರ್ದೇಶಗಳು ಪೋರ್ಚುಗೀಸರ ವಶವಾದುದು, 1560ರಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣಾ ಪೀಠದ ಸ್ಥಾಪನೆ—ಒಂದೊಂದು ಘಟನೆಯೂ ಒಂದೊಂದು ಅಲೆಯನ್ನು ದಕ್ಷಿಣಕ್ಕೆ ಎಬ್ಬಿಸಿತು. ಈ ವಲಸೆ ಒಂದು ರಾತ್ರಿಯಲ್ಲಿ ಮುಗಿದ ಪಲಾಯನವಲ್ಲ. ಎರಡು ಶತಮಾನಗಳ ಕಾಲ ಬಿಟ್ಟುಬಿಟ್ಟು ನಡೆದ ಪ್ರಯಾಣ. ಬಂದವರೆಲ್ಲರೂ ಒಂದೇ ಜಾತಿಯವರಲ್ಲ, ಒಂದೇ ಮತದವರೂ ಅಲ್ಲ. ಮತಾಂತರಕ್ಕೆ ಹೆದರಿದ ಸಾರಸ್ವತರು ಬಂದರು, ಕುಶಲಕರ್ಮಿಗಳು ಬಂದರು, ಮತಾಂತರಗೊಂಡಿದ್ದರೂ ಇನ್‌ಕ್ವಿಸಿಶನ್ನಿನ ಕಾಟಕ್ಕೆ, ಕ್ಷಾಮಕ್ಕೆ, ಮರಾಠರ ದಾಳಿಗಳಿಗೆ ಬೇಸತ್ತ ಕ್ರೈಸ್ತ ರೈತರೂ ಬಂದರು.

ಹೀಗೆ ಬಂದವರು ಕತ್ತಲೆಯಲ್ಲಿ ದಾರಿ ಹುಡುಕಿಕೊಂಡು ಬಂದವರಲ್ಲ. ಭಟ್ಕಳದಲ್ಲಿ 16ನೆಯ ಶತಮಾನಕ್ಕೆ ಸೇರಿದ, ರಾಮಾಯಣದ ಶಿಲ್ಪಗಳಿಗೆ ಹೆಸರಾದ ಖೇತಪೈ ನಾರಾಯಣ ದೇವಾಲಯವಿದೆ. ಅದನ್ನು ಕಟ್ಟಿಸಿದವನ ಹೆಸರಿನಲ್ಲಿರುವ 'ಪೈ' ಎಂಬ ಮಾತೇ ಸಾಕು. ಕಲ್ಲಿನ ದೇವಾಲಯವನ್ನು ಕಟ್ಟಿಸುವಷ್ಟು ಅನುಕೂಲವಂತನಾದ ಕೊಂಕಣಿ ಗೃಹಸ್ಥ ಆ ಕಾಲಕ್ಕಾಗಲೇ ಇಲ್ಲಿ ಇದ್ದನು. ವ್ಯಾಪಾರಕ್ಕೆಂದು ಮೊದಲು ಬಂದ ನೆಂಟನಿರುವ ಊರಿಗೆ ಆಪತ್ತಿನಲ್ಲಿ ಬಳಗವೆಲ್ಲ ಬರುತ್ತದೆ. ಹೊಸಬನಿಗೆ ಉಳಿದುಕೊಳ್ಳಲು ಜಗಲಿ, ಪರಿಚಯದ ಒಂದು ಮಾತು, ಮೊದಲ ಸಾಲ—ಇವು ಮೂರೂ ಅಂಥ ನೆಂಟನಿಂದ ದೊರೆಯತಕ್ಕವು. ಈ ಮೂರು ಸಂಗತಿಗಳನ್ನು ಮುಂದೆ 20ನೆಯ ಶತಮಾನದ ಮುಂಬಯಿಯಲ್ಲಿ ನಾವು ಮತ್ತೆ ಕಾಣುತ್ತೇವೆ.

ಇನ್ನು ಉದ್ಯೋಗದ ವಿಚಾರ. ಸಾರಸ್ವತರಲ್ಲಿ ವ್ಯಾಪಾರವನ್ನು ಹಿಡಿದವರ ಹಾದಿ ಸ್ಪಷ್ಟವಾಗಿಯೇ ಇದೆ. ನಮಗೆ ಹೆಚ್ಚು ಕುತೂಹಲಕರವಾಗಿ ತೋರುವುದು ಲೆಕ್ಕಪತ್ರದ ಕೆಲಸವನ್ನು ಹಿಡಿದವರ, ಅಂದರೆ ಶಾನುಭೋಗಿಕೆಯವರ ಚರಿತ್ರೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ರಾಜ್ಯ 17ನೆಯ ಶತಮಾನದ ಆರಂಭದಲ್ಲಿ ಕೆಳದಿಯ ನಾಯಕರ ಕೈಸೇರಿತು. 1654ರಲ್ಲಿ ಶಿವಪ್ಪನಾಯಕನು ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರಿಂದ ಕಸಿದುಕೊಂಡನು. ಘಟ್ಟದ ಮೇಲೆ ಕುಳಿತು ಘಟ್ಟದ ಕೆಳಗಿನ ಉದ್ದನೆಯ ತೀರವನ್ನು ಆಳಬೇಕಾದ ರಾಜ್ಯಕ್ಕೆ ಕತ್ತಿಗಿಂತ ಹೆಚ್ಚಾಗಿ ಬೇಕಾದುದು ಲೆಕ್ಕ. 'ಶಿವಪ್ಪನಾಯಕನ ಶಿಸ್ತು' ಎಂದು ಹೆಸರಾದ ಕಂದಾಯ ವ್ಯವಸ್ಥೆಯಲ್ಲಿ ಭೂಮಿಯನ್ನು ಅದರ ಸಾರಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಕೆಲವು ವರ್ಷಗಳ ಬೆಳೆಯನ್ನು ನೋಡಿ ಸರಾಸರಿ ಕಟ್ಟಿ ತೆರಿಗೆಯನ್ನು ಗೊತ್ತುಪಡಿಸುತ್ತಿದ್ದರು. ಇಂಥ ವ್ಯವಸ್ಥೆಗೆ ಊರೂರಿನಲ್ಲಿಯೂ ಬರೆಯಬಲ್ಲ, ಕೂಡಿ ಕಳೆಯಬಲ್ಲ, ಹಾಗೂ—ಇದು ಬಹು ಮುಖ್ಯವೆಂದು ನಮಗೆ ತೋರುತ್ತದೆ—ಆ ಊರಿನ ಒಳಜಗಳಗಳಲ್ಲಿ ಹಳೆಯ ಪಾಲಿಲ್ಲದ ಒಬ್ಬ ಮನುಷ್ಯ ಬೇಕು. ವಲಸೆ ಬಂದವನಲ್ಲಿ ಈ ಮೂರು ಗುಣಗಳೂ ಇದ್ದುವು. ನೆಲವಿಲ್ಲದಿರುವುದು ಇತರ ಕಡೆ ದೌರ್ಬಲ್ಯವಾದರೆ ಇಲ್ಲಿ ಅರ್ಹತೆಯಾಯಿತು. ಪೂರ್ತಿಯಾಗಿ ಅರಮನೆಯ ಸಂಬಳವನ್ನೇ ನಂಬಿಕೊಂಡವನು ಅರಮನೆಗೆ ನಿಷ್ಠನಾಗಿರುತ್ತಾನೆ ಎಂಬುದು ಹಳೆಯ ರಾಜನೀತಿಯ ಲೆಕ್ಕಾಚಾರ.

ಆದರೆ ಗೋವೆಯಿಂದ ಬಂದವನ ಮನೆಮಾತು ಕೊಂಕಣಿ. ಕೆಳದಿಯ ಕಂದಾಯದ ಭಾಷೆ ಕನ್ನಡ. ಈ ಅಂತರವನ್ನು ದಾಟಿದುದೇ ಇವರ ಉದ್ಯೋಗಶಿಕ್ಷಣ ಎಂದು ಹೇಳಬಹುದು. ಅಂತರ ನಾವು ಊಹಿಸುವಷ್ಟು ದೊಡ್ಡದೂ ಆಗಿರಲಿಲ್ಲ. ಗೋವೆಯಲ್ಲಿ ಹಿಂದೆ ಬಳಕೆಯಲ್ಲಿದ್ದ 'ಗೋಯ್‌ಕಾನಡಿ' ಎಂಬ ಲಿಪಿ ಹೆಸರೇ ಹೇಳುವಂತೆ ಕನ್ನಡ ಲಿಪಿಯ ಬಳಗದ್ದು. ಅದರಲ್ಲಿ ಲೆಕ್ಕ ಬರೆದು ಪಳಗಿದ ಕೈಗೆ ಕನ್ನಡದ ಕಡತ ಬಲು ಬೇಗ ಒಗ್ಗಿರಬೇಕು. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ ಮಡಿಕೆಮಡಿಕೆಯಾಗಿ ಮಡಿಸಿದ ಪುಸ್ತಕ; ಅದರ ಮೇಲೆ ಬಳಪದಿಂದ ಬರೆಯುವುದು. ಅಳಿಸಿ ಮತ್ತೆ ಬರೆಯಬಹುದಾದುದರಿಂದ ಕಲಿಯುವ ಹುಡುಗನಿಗೂ ಅದೇ ಪಾಟಿ, ಕಂದಾಯದ ಲೆಕ್ಕಕ್ಕೂ ಅದೇ ದಫ್ತರ. ಬೇರೆ ಶಾಲೆಯೇನೂ ಇರಲಿಲ್ಲ. ಅಪ್ಪನ ಪಕ್ಕದಲ್ಲಿ, ಇಲ್ಲವೇ ಸೋದರಮಾವನ ಪಕ್ಕದಲ್ಲಿ ಕುಳಿತು ಹುಡುಗನು ಮೊದಲು ಅಂಕಿಗಳ ಮೊತ್ತವನ್ನು, ಅನಂತರ ಗದ್ದೆಗಳ ಹೆಸರುಗಳನ್ನು, ಕೊನೆಗೆ ಒಕ್ಕಲುಗಳ ಬಾಕಿಯನ್ನು ಕಲಿಯುತ್ತಿದ್ದನು. ವಲಸೆ ಬಂದವರ ಮೂರನೆಯ ತಲೆಮಾರಿಗೆ ಇವರು ಈ ತೀರದ ಕನ್ನಡ ಬರವಣಿಗೆಯ ಒಂದು ಮುಖ್ಯ ಕಸುಬಿನ ವರ್ಗವಾಗಿದ್ದರು.

ಇದಕ್ಕೆ ನಮ್ಮಲ್ಲಿರುವ ಅತ್ಯಂತ ಸುಲಭವಾದ ದಾಖಲೆ ಶಾಸನವಲ್ಲ, ಉಪನಾಮ. ಗೌಡ ಸಾರಸ್ವತರಲ್ಲಿ ಪೈ, ಕಾಮತ, ಪ್ರಭು, ಶೆಣೈ ಮೊದಲಾದ ಗೋವೆಯ ಹಳೆಯ ಉಪನಾಮಗಳು ಹಾಗೆಯೇ ಉಳಿದುವು. ಆದರೆ ಲೆಕ್ಕಪತ್ರದ ಹುದ್ದೆಗಳನ್ನು ಹೆಚ್ಚಾಗಿ ಹಿಡಿದ ಸಾರಸ್ವತ ಶಾಖೆಯಲ್ಲಿ, ಈಗ ಚಿತ್ರಾಪುರ ಸಾರಸ್ವತರೆಂದು ಕರೆಯಲ್ಪಡುವವರಲ್ಲಿ, ಉಪನಾಮಗಳು ಬಹುಮಟ್ಟಿಗೆ ಈ ತೀರದ ಊರುಗಳ ಹೆಸರುಗಳು: ಕಾಯ್ಕಿಣಿ, ಶಿರಾಲಿ, ಹೆಬಳೆ, ಮುರ್ಡೇಶ್ವರ, ಮಂಕೀಕರ, ಹಳದಿಪುರ, ಮಾವಿನಕುರ್ವೆ, ಗೇರಸೊಪ್ಪೆ, ಚಂದಾವರಕರ, ಗೋಕರ್ಣ. ಭಟ್ಕಳದಿಂದ ಕುಮಟೆಯವರೆಗಿನ ಭೂಪಟವನ್ನು ಈ ಜನರ ಹೆಸರುಪಟ್ಟಿಯಿಂದಲೇ ಬರೆಯಬಹುದು. ಬೇರೆ ಕೆಲವು ಉಪನಾಮಗಳು, ನಾಡಕರ್ಣಿ, ಕುಲಕರ್ಣಿ ಎಂಬಂಥವು, ನೇರವಾಗಿ ಹುದ್ದೆಯನ್ನೇ ಹೇಳುತ್ತವೆ. ಬಿಟ್ಟುಬಂದ ಊರಿನ ಹೆಸರಿನ ಬದಲು ಕೆಲಸ ದೊರೆತ ಊರಿನ ಹೆಸರನ್ನು ಧರಿಸಿದ ಈ ಸಂಗತಿ ಚರಿತ್ರೆಯ ವಿದ್ಯಾರ್ಥಿಗಳ ಗಮನವನ್ನು ಸೆಳೆಯಬೇಕು. ನಮ್ಮ ಕಾಲೇಜುಗಳ ಹಾಜರಿ ಪುಸ್ತಕಗಳು ಕೂಡ ಒಂದು ಬಗೆಯ ಆಕರಗ್ರಂಥಗಳೇ ಎಂಬುದನ್ನು ನಾವು ಅಧ್ಯಾಪಕರು ಎಷ್ಟೋ ಸಲ ಮರೆಯುತ್ತೇವೆ.

ಈ ಸ್ಥಾನ ಪೈಪೋಟಿಯಿಲ್ಲದೆ ದೊರೆತುದಲ್ಲ. ಸಂಪ್ರದಾಯದಲ್ಲಿ ಉಳಿದುಬಂದಿರುವ ಒಂದು ಕತೆಯಂತೆ, 18ನೆಯ ಶತಮಾನದ ಆರಂಭದಲ್ಲಿ ಕೆಲವರು ಕೆಳದಿಯ ಅರಸನಲ್ಲಿ ಹೋಗಿ ಈ ಸಾರಸ್ವತರಿಗೆ ಗುರುವೇ ಇಲ್ಲ, ಇವರ ಬ್ರಾಹ್ಮಣ್ಯವನ್ನು ಹೇಗೆ ಒಪ್ಪುವುದು ಎಂದು ದೂರಿತ್ತರು. ಅರಸನು ನಿಮ್ಮ ಗುರು ಯಾರೆಂದು ತೋರಿಸಿ ಎಂದು ಕೇಳಿದನು. ಆ ಸಂಕಟದ ವೇಳೆಯಲ್ಲಿ ಉತ್ತರದಿಂದ ಬಂದ ಯತಿಯೊಬ್ಬರು ಗೋಕರ್ಣದಲ್ಲಿ ದೊರೆತು, 1708ರಲ್ಲಿ ಪರಿಜ್ಞಾನಾಶ್ರಮರೆಂಬ ಹೆಸರಿನಿಂದ ಈ ಸಮಾಜದ ಮೊದಲ ಗುರುಗಳಾದರು. ಅವರ ಅನಂತರದ ಶಂಕರಾಶ್ರಮರು ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ 1757ರಲ್ಲಿ ಸಮಾಧಿಸ್ಥರಾದರು. ಅದೇ ಚಿತ್ರಾಪುರ ಮಠದ ನೆಲೆಯಾಯಿತು. ಭಕ್ತರು ಇದನ್ನು ದೈವಕೃಪೆಯೆಂದು ಓದುತ್ತಾರೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ದೂರಿನ ಹಿಂದೆ ಇದ್ದುದು ವೇದಾಂತದ ಪ್ರಶ್ನೆಗಿಂತ ಹೆಚ್ಚಾಗಿ ಹುದ್ದೆಗಳ ಪ್ರಶ್ನೆಯೆಂದು ಊಹಿಸಲು ಅವಕಾಶವುಂಟು. ಹೊರಗಿನಿಂದ ಬಂದವನು ಕೆಲಸದಲ್ಲಿ ಮುಂದಾದಾಗ ಅವನ ಯೋಗ್ಯತಾಪತ್ರವನ್ನು ಕೇಳುವುದು ಎಲ್ಲ ಕಾಲದಲ್ಲಿಯೂ ನಡೆದುಬಂದಿದೆ. ಆ ಕಾಲದಲ್ಲಿ ಯೋಗ್ಯತಾಪತ್ರವನ್ನು ಕೊಡುತ್ತಿದ್ದುದು ವಿಶ್ವವಿದ್ಯಾನಿಲಯವಲ್ಲ, ಗುರುಪೀಠ. ಮಠವು ಸ್ಥಾಪನೆಯಾದುದರಿಂದ ಈ ಜನರ ಹುದ್ದೆಗಳಿಗೆ ಭದ್ರತೆ ಒದಗಿತು.

ಲೇಖನಿ ಹಿಡಿದವರ ವಿಷಯ ಹೀಗಾದರೆ ಉಳಿ ಹಿಡಿದವರ ವಿಷಯ ಬೇರೆ. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳಲ್ಲಿ ಹರಡಿದ್ದಾರೆ. ಪೋರ್ಚುಗೀಸರ ಮತಾಂತರಕ್ಕೆ ಅಂಜಿ ಗೋವೆಯಿಂದ ಬಂದವರು ತಾವೆಂಬ ಐತಿಹ್ಯ ಅವರಲ್ಲಿದೆ. ಬ್ರಿಟಿಷರ ಕಾಲದ ಬರಹಗಳಲ್ಲಿಯೂ ಅದು ದಾಖಲಾಗಿದೆ. ಇವರಿಗೆ ಹೊಸ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಉಳಿಗಳ ಒಂದು ಗಂಟು, ಮನಸ್ಸಿನಲ್ಲಿ ಬಳ್ಳಿ, ಹಂಸ, ದೇವತೆಗಳ ಮಾದರಿಗಳು—ಇಷ್ಟನ್ನು ಹೊತ್ತುಕೊಂಡು ಯಾವ ಗಡಿಯನ್ನಾದರೂ ದಾಟಬಹುದು. ಆದರೆ ಗಂಧದ ಮರವನ್ನು ಹೊತ್ತು ತರಲಾಗುವುದಿಲ್ಲ. ಮರ ಘಟ್ಟದ ಮೇಲೆ ಬೆಳೆಯುತ್ತದೆ, ಅದರ ಒಡೆತನ ಅರಸನದು. ಟಿಪ್ಪುವಿನ ಕಾಲದಲ್ಲಿ ಅದು ರಾಜವೃಕ್ಷವೆಂದು ಘೋಷಿತವಾಯಿತು. ಬ್ರಿಟಿಷರ ಅರಣ್ಯ ಇಲಾಖೆಯೂ ಆ ಒಡೆತನವನ್ನು ಬಿಡಲಿಲ್ಲ. ಹೀಗಾಗಿ ಗುಡಿಗಾರನ ಅನ್ನ ಅವನ ಕೈಚಳಕಕ್ಕಿಂತ ಹೆಚ್ಚಾಗಿ ಮರದ ತುಂಡು ಯಾವ ಬೆಲೆಗೆ ಸಿಗುತ್ತದೆ ಎಂಬುದನ್ನೇ ಅವಲಂಬಿಸಿತು. ಗಂಧ ಸಿಗದ ಕಾಲದಲ್ಲಿ ಬೆಂಡಿನ ಬಾಸಿಂಗ ಕಟ್ಟಿ, ಯಕ್ಷಗಾನದ ಕಿರೀಟಗಳನ್ನು ಕೊರೆದು, ತೇರಿನ ಕೆಲಸಕ್ಕೆ ಹೋಗಿ ಕುಟುಂಬಗಳು ಬದುಕಿಕೊಂಡವು. ಕಸುಬಿನವನಿಗೆ ಕಸುಬನ್ನು ಕಲಿಸುವ ತರಬೇತಿ ಕೇಂದ್ರಗಳ ಯೋಜನೆಯನ್ನು ಕಂಡಾಗಲೆಲ್ಲ ನಮಗೆ ಈ ಸಂಗತಿ ನೆನಪಾಗುತ್ತದೆ. ಬೇಕಾದುದು ಪಾಠವಲ್ಲ, ಮರ.

ಕ್ರೈಸ್ತ ವಲಸಿಗರು ಹಿಡಿದುದು ನೇಗಿಲನ್ನು. ಕೆಳದಿಯ ನಾಯಕರಿಗೆ ತೀರದ ಬೀಳುಭೂಮಿಯನ್ನು ಸಾಗುವಳಿಗೆ ತರುವ ಕೈಗಳು ಬೇಕಾಗಿದ್ದುವು. ಪೋರ್ಚುಗೀಸರಿಗೆ ಈ ತೀರದ ಅಕ್ಕಿ ಬೇಕಾಗಿದ್ದಿತು. 1678ರ ಒಪ್ಪಂದದಲ್ಲಿ ಚಂದಾವರ, ಭಟ್ಕಳ ಮೊದಲಾದ ಕಡೆಗಳಲ್ಲಿ ಚರ್ಚುಗಳಿಗೆ ಅನುಮತಿ ದೊರೆತುದು ಈ ಹಿನ್ನೆಲೆಯಲ್ಲಿಯೇ. ಹೀಗೆ ನೆಲವನ್ನು ನಂಬಿದವರಿಗೆ ನೆಲವೇ ಅಪಾಯವಾಯಿತು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರಲ್ಲಿ ಬಹಳ ಮತಭೇದವಿದೆ. 1799ರ ಅನಂತರ ಬದುಕಿ ಉಳಿದವರು ಹಿಂದಿರುಗಿದಾಗ ಅವರ ಗದ್ದೆಗಳಲ್ಲಿ ಬೇರೆಯವರು ಉಳುತ್ತಿದ್ದರು. ತಮ್ಮದೇ ಊರಿನಲ್ಲಿ ಅವರು ಎರಡನೆಯ ಸಲ ವಲಸಿಗರಾದರು. ಲೆಕ್ಕ ಬರೆಯುವವನು ಇಂಥ ಬಿರುಗಾಳಿಯಲ್ಲಿ ಉಳಿದುಕೊಂಡುದಕ್ಕೆ ಕಾರಣ ಸರಳವಾಗಿದೆ: ಕೆಳದಿ ಹೋಗಿ 1763ರಲ್ಲಿ ಹೈದರನು ಬಂದಾಗಲೂ, ಟಿಪ್ಪು ಹೋಗಿ ಕಂಪೆನಿ ಬಂದಾಗಲೂ ಹೊಸ ಒಡೆಯನಿಗೆ ಹಳೆಯ ಲೆಕ್ಕ ಬೇಕಾಗಿದ್ದಿತು. ಹಳೆಯ ರೇಖೆ ಎಷ್ಟು, ಅದರ ಮೇಲೆ ಕೂಡಿಸಿದ ಶಾಮಿಲು ಎಷ್ಟು ಎಂಬುದು ಶಾನುಭೋಗನ ಕಡತದಲ್ಲಿ ಮಾತ್ರ ಇದ್ದಿತು. ಕೆನರಾದ ಮೊದಲ ಕಲೆಕ್ಟರನಾದ ಮನ್ರೋ ತನ್ನ ವ್ಯವಸ್ಥೆಯನ್ನು ಆರಂಭಿಸಿದುದು ಅಂಥ ಕಡತಗಳಿಂದಲೇ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಚಿತ್ರ ತಿರುಗಿತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ವೇಳೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ, ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಸಾಗತೊಡಗಿತು. ಲಿವರ್‌ಪೂಲಿನ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಎಂಬ ಹೆಸರೇ ಬಿದ್ದಿತು. 1880ರ ದಶಕದ ಕೊನೆಗೆ ಮರ್ಮಗೋವೆಯ ರೈಲುದಾರಿ ತೆರೆದ ಮೇಲೆ ಆ ವ್ಯಾಪಾರ ಕುಮಟೆಯನ್ನು ಬಿಟ್ಟುಹೋಯಿತು. ತಲಾಂತರದಿಂದ ಬಂದ ಶಾನುಭೋಗಿಕೆಯಾದರೋ ಸರ್ಕಾರಿ ಪರೀಕ್ಷೆ, ವರ್ಗಾವಣೆಗಳ ನೌಕರಿಯಾಗಿ ಮಾರ್ಪಡತೊಡಗಿತ್ತು. ಕನ್ನಡ ಕಡತದ ವಿದ್ಯೆಯೊಂದೇ ಇನ್ನು ಸಾಲದಾಯಿತು, ಇಂಗ್ಲಿಷ್ ಬೇಕಾಯಿತು. ಗೋವೆಯಿಂದ ಬಂದವರ ಮರಿಮಕ್ಕಳು ಹಡಗು ಹತ್ತಿ ಮುಂಬಯಿಗೆ ಹೊಸದಾಗಿ ವಲಸೆ ಹೊರಟರು.

ಈ ಎರಡನೆಯ ವಲಸೆಯಲ್ಲಿ ಉದ್ಯೋಗ ಸಹಾಯವೆಂಬುದು ಮೊದಲ ಬಾರಿಗೆ ನಿಯಮಾವಳಿಯುಳ್ಳ ಸಂಸ್ಥೆಯ ರೂಪವನ್ನು ತಾಳಿತು. ಆರಂಭ ಮಾತ್ರ ಹಳೆಯ ರೀತಿಯದೇ. ಮುಂಬಯಿಯಲ್ಲಿ ವಕೀಲಿಯಲ್ಲಿ ನೆಲೆನಿಂತಿದ್ದ ಶಾಮರಾವ್ ವಿಠಲ ಕಾಯ್ಕಿಣಿಯವರ ಸೋದರಳಿಯ ನಾರಾಯಣ ಗಣೇಶ ಚಂದಾವರಕರರು 1855ರಲ್ಲಿ ಹೊನ್ನಾವರದಲ್ಲಿ ಜನಿಸಿದವರು. ಮುಂಬಯಿಯಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಕಾನೂನು ಪದವಿ ಪಡೆದು, 1900ರಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರೂ ಮುಂದೆ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಆದರು. ಸೋದರಮಾವನು ಮೊದಲು ಹೋಗಿ ನೆಲೆನಿಂತ ಊರಿನಲ್ಲಿ ಅಳಿಯನೂ ಮುಂದೆ ಬರುವ ಈ ರೀತಿ ನಮಗೆ ಪರಿಚಿತವಾದುದೇ. ಕಡತದ ಕಾಲದಲ್ಲಿಯೂ ಹೀಗೆಯೇ ಇದ್ದಿತು. ಆದರೆ ಬರುವವರು ನೂರಾರು ಮಂದಿಯಾದಾಗ ಒಬ್ಬ ಸೋದರಮಾವನ ಮನೆ ಸಾಲದು. ಗಿರಗಾಂವಿನ ಚಾಳುಗಳಲ್ಲಿ ಒಂದೊಂದು ಕೋಣೆಯಲ್ಲಿ ಹಲವರು ಮಲಗಿ, ಬಾಡಿಗೆಗೆ, ಪರೀಕ್ಷೆಯ ಶುಲ್ಕಕ್ಕೆ, ಊರಿನಲ್ಲಿರುವವರ ಕಾಯಿಲೆಗೆ ಬಡ್ಡಿಯ ಸಾಲ ಮಾಡುವುದು ಹೊಸ ಗುಮಾಸ್ತರ ಬಾಳಾಗಿದ್ದಿತು.

ಇದನ್ನು ಕಂಡ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರ ಡಿಸೆಂಬರ್ 27ರಂದು ಒಂದು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿ, ತಮಗೆ ಮಾರ್ಗದರ್ಶಕರಾಗಿದ್ದ ಶಾಮರಾವ್ ವಿಠಲರ ಹೆಸರನ್ನೇ ಅದಕ್ಕೆ ಇಟ್ಟರು. 1904ರ ಸಹಕಾರಿ ಕಾನೂನು ಮುಖ್ಯವಾಗಿ ಹಳ್ಳಿಯ ರೈತನ ಋಣಭಾರವನ್ನು ಗಮನದಲ್ಲಿಟ್ಟು ಮಾಡಿದ್ದು. ಅದನ್ನು ಪಟ್ಟಣದ ವಲಸಿಗನ ಉಪಯೋಗಕ್ಕೆ ತಿರುಗಿಸಿದುದು ಇವರ ಜಾಣ್ಮೆ. ಒತ್ತೆಯಿಡಲು ಭೂಮಿಯಿಲ್ಲದವನಿಗೆ, ಅವನನ್ನು ಬಲ್ಲ ಇತರ ಸದಸ್ಯರ ಜಾಮೀನೇ ಒತ್ತೆಯಾಯಿತು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಹುಟ್ಟಿತು. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಹಕಾರಿ ಸಂಘ ಸ್ಥಾಪನೆಯಾಯಿತು. ಏಷ್ಯದಲ್ಲಿಯೇ ಇಂಥ ಸಂಘಗಳಲ್ಲಿ ಮೊದಲನೆಯದೆಂದು ಅದನ್ನು ಹೇಳುತ್ತಾರೆ. ಭಟ್ಕಳದ ಜಗಲಿಯಲ್ಲಿ 16ನೆಯ ಶತಮಾನದಲ್ಲಿ ನೆಂಟನು ಕೊಟ್ಟ ವಸತಿ, ಪರಿಚಯ, ಸಾಲಗಳೇ ಇಲ್ಲಿ ಮೂರು ಸಂಸ್ಥೆಗಳಾಗಿ ನೋಂದಣಿಯಾದುವು ಎಂದರೆ ತಪ್ಪಾಗಲಾರದು. ಕೇವಲ ಓದಿನಿಂದ ಇವರು ಮುಂದೆ ಬಂದರೆಂದು ಹೇಳುವವರುಂಟು. ಓದು ಇತರರಿಗೂ ದೊರೆಯುತ್ತಿದ್ದಿತು. ಓದಿ ಮುಗಿಸಿದ ಮೇಲೆ ಕೆಲಸ ಸಿಗುವವರೆಗಿನ ಆರು ತಿಂಗಳನ್ನು ದಾಟಿಸುವ ಕೋಣೆ ಮತ್ತು ಸಾಲ ಇತರರಿಗೆ ಅಷ್ಟು ಸುಲಭವಾಗಿ ದೊರೆಯುತ್ತಿರಲಿಲ್ಲ.

ಇಲ್ಲಿಯೇ ನಾವು ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ಈ ಸಹಾಯವೆಲ್ಲ ಜಾತಿಯ ಒಳಗಿನ ಸಹಾಯ. ಪರಸ್ಪರ ಬಲ್ಲವರ ಜಾಮೀನು ಎಂಬುದು ಅದರ ಬಲ. ಬಲ್ಲವರಲ್ಲದವರಿಗೆ ಅದರ ಬಾಗಿಲು ಮುಚ್ಚಿರುತ್ತದೆ ಎಂಬುದು ಅದರ ಇನ್ನೊಂದು ಮುಖ. ಇದೇ ತೀರದ ಖಾರ್ವಿ, ಅಂಬಿಗ, ನಾಮಧಾರಿ, ಹಾಲಕ್ಕಿ ಒಕ್ಕಲ ಮಕ್ಕಳಿಗೆ ಮುಂಬಯಿಯಲ್ಲಿ ಕರೆಯುವ ಸೋದರಮಾವನಿರಲಿಲ್ಲ, ಜಾಮೀನು ನಿಲ್ಲುವ ಗುಮಾಸ್ತನಿರಲಿಲ್ಲ. ಕಡತದ ವಿದ್ಯೆ ಮೂರು ಶತಮಾನ ಮನೆಯೊಳಗೇ ಉಳಿದುದರ ಫಲವನ್ನು ಅವರು ಅನುಭವಿಸಿದರು. ವಲಸಿಗನಿಗೆ ಒದಗಿದ ನೆರವನ್ನು ಮೆಚ್ಚುವಾಗ, ವಲಸೆ ಬಾರದೆ ಇದ್ದಲ್ಲಿಯೇ ಇದ್ದು ಅಂಥ ನೆರವಿಲ್ಲದೆ ಉಳಿದವರನ್ನು ಬರಹಗಾರರು ಬಿಟ್ಟುಬಿಡುವುದು ನ್ಯಾಯವಲ್ಲ.

ಭಟ್ಕಳದ ನವಾಯತರ ದಾರಿ ಇದಕ್ಕೆ ಹತ್ತಿರವಾದುದಾದರೂ ತನ್ನದೇ ಆದ ಲಕ್ಷಣವುಳ್ಳದ್ದು. 1801ರಲ್ಲಿ ಈ ದಾರಿಯಾಗಿ ಬಂದ ಬುಕನನ್, ಭಟ್ಕಳದ ಮುಸಲ್ಮಾನರಲ್ಲಿ ಹಲವರು ಸಿರಿವಂತರೆಂದೂ, ಗಂಡಸರು ತೀರದ ಬೇರೆಬೇರೆ ಊರುಗಳಿಗೆ ವ್ಯಾಪಾರಕ್ಕೆ ಹೋಗಿ ಸಂಸಾರವನ್ನು ಇಲ್ಲಿಯೇ ಇರಿಸುತ್ತಾರೆಂದೂ ಬರೆದಿದ್ದಾನೆ. ಅನಂತರದ ಕಾಲದಲ್ಲಿ ಮದರಾಸು, ಮುಂಬಯಿ, ಇನ್ನೂ ಈಚೆಗೆ ದುಬೈ ಮೊದಲಾದ ಕೊಲ್ಲಿಯ ಊರುಗಳು ಆ ಪಟ್ಟಿಗೆ ಸೇರಿದುವು; ಮನೆ ಮಾತ್ರ ಭಟ್ಕಳವನ್ನು ಬಿಡಲಿಲ್ಲ. ಸ್ವತಃ ವಲಸೆ ಬಂದವರ ಸಮಾಜ ಹೀಗೆ ವಲಸಿಗರನ್ನು ಸಿದ್ಧಪಡಿಸಿ ಕಳುಹಿಸುವ ಸಮಾಜವಾಯಿತು. 1919ರಲ್ಲಿ ಸ್ಥಾಪಿತವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಶಾಲೆಯಿಂದ ಆರಂಭಿಸಿ ಕಾಲೇಜುಗಳನ್ನು, 1980ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಕಟ್ಟಿತು. ಹೊನ್ನಾವರದಲ್ಲಿ ಇಬ್ನ್ ಬತೂತನು ಕಂಡ ಶಾಲೆಗಳಿಗೂ ಇದಕ್ಕೂ ನೇರ ಸಂಬಂಧವನ್ನು ಕಲ್ಪಿಸುವ ಸಾಹಸಕ್ಕೆ ನಾವು ಹೋಗುವುದಿಲ್ಲ. ಆದರೆ ದೂರದ ಊರಿನಲ್ಲಿ ದುಡಿಯುವವರು ತಮ್ಮ ಊರಿನ ಶಾಲೆಗೆ ಹಣ ಹೂಡುವ ಪದ್ಧತಿ ಕಡಲ ವ್ಯಾಪಾರದ ಸಮಾಜಗಳಲ್ಲಿ ಹಳೆಯದು.

ಸರ್ಕಾರವೇ ಮುಂದೆ ನಿಂತು, ಜಾತಿಯ ಮತ್ತು ನೆಂಟರ ಬೆಂಬಲವಿಲ್ಲದವರಿಗೆ ಉದ್ಯೋಗ ಕಲ್ಪಿಸಿದ ನಿದರ್ಶನ ಬೇಕಾದರೆ ಕರಾವಳಿಯನ್ನು ಬಿಟ್ಟು ಇದೇ ಜಿಲ್ಲೆಯ ಪೂರ್ವದ ಅಂಚಿಗೆ ಹೋಗಬೇಕು. 1959ರಲ್ಲಿ ದಲೈಲಾಮರು ಭಾರತಕ್ಕೆ ಬಂದ ಮೇಲೆ ಮೈಸೂರು ರಾಜ್ಯ ಮೊದಲು ಬೈಲುಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಅರಣ್ಯಭೂಮಿಯನ್ನು ಬಿಟ್ಟುಕೊಟ್ಟಿತು. ನೆಲದ ಒಡೆತನವಲ್ಲ, ಉಪಯೋಗದ ಹಕ್ಕು. ಎತ್ತರದ ಶೀತಪ್ರದೇಶದಲ್ಲಿ ಪಶುಪಾಲನೆ, ಬಾರ್ಲಿಯ ಬೇಸಾಯ, ವ್ಯಾಪಾರ, ಸನ್ಯಾಸಗಳಲ್ಲಿ ಬಾಳಿದವರಿಗೆ ಮಳೆಯನ್ನು ನಂಬಿದ ಮೆಕ್ಕೆಜೋಳದ, ಭತ್ತದ ಬೇಸಾಯವನ್ನು ಕಲಿಸಲಾಯಿತು. ಸಹಕಾರಿ ಸಂಘವನ್ನೂ ರತ್ನಗಂಬಳಿಯ ನೇಯ್ಗೆಯ ಕೇಂದ್ರವನ್ನೂ ತೆರೆಯಲಾಯಿತು. ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಅಲ್ಲಿಯೇ ಪುನಃ ಸ್ಥಾಪಿತವಾದುವು. ಯೋಜನೆಯ ದೃಷ್ಟಿಯಿಂದ ಇದು ನಮ್ಮ ನಾಡಿನ ಪುನರ್ವಸತಿಗಳಲ್ಲಿ ಯಶಸ್ವಿಯಾದವುಗಳಲ್ಲಿ ಒಂದೆಂದು ಎಣಿಸಲ್ಪಡುತ್ತದೆ, ಆ ಹೊಗಳಿಕೆ ಬಹುಮಟ್ಟಿಗೆ ನ್ಯಾಯವಾದುದೇ.

ಆದರೂ ಕೆಳದಿಯ ಕಾಲದ ಉದಾಹರಣೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕೆಳದಿಯ ಅರಮನೆ ಬಂದವರಲ್ಲಿದ್ದ ವಿದ್ಯೆಯನ್ನು ತನ್ನ ಕೊರತೆಗೆ ಜೋಡಿಸಿಕೊಂಡಿತು. ಮುಂಡಗೋಡಿನಲ್ಲಿ ಸರ್ಕಾರ ತನ್ನಲ್ಲಿದ್ದ ನೆಲಕ್ಕೆ ಬಂದವರನ್ನು ಜೋಡಿಸಿತು. ನೆಲ ಅಷ್ಟೇ ಇದ್ದು ಕುಟುಂಬಗಳು ಬೆಳೆದಾಗ ಮೆಕ್ಕೆಜೋಳ ಸಾಲದಾಯಿತು. ಆಗ ಆ ಜನ ಹಿಡಿದುದು ತಮಗೆ ಪೂರ್ವದಿಂದ ತಿಳಿದಿದ್ದ ದಾರಿಯನ್ನು. ಚಳಿಗಾಲ ಬರುತ್ತಲೂ ಉಣ್ಣೆಯ ಅಂಗಿಗಳ ಗಂಟು ಕಟ್ಟಿಕೊಂಡು ಪಟ್ಟಣಗಳಿಗೆ ಹೋಗಿ ಬೀದಿಯ ಬದಿಯಲ್ಲಿ ಅಂಗಡಿ ಹೂಡಿ, ಸುಗ್ಗಿ ಮುಗಿದ ಹೊಲಕ್ಕೆ ಬೇಸಗೆಯ ಹೊತ್ತಿಗೆ ಹಿಂದಿರುಗುವ ಈ ವ್ಯಾಪಾರ ಹಲವು ಕುಟುಂಬಗಳಿಗೆ ಬೇಸಾಯದಷ್ಟೇ ಮುಖ್ಯವಾದ ವರಮಾನವಾಯಿತು. ಯೋಜನೆಯವರು ಬೇಸಾಯವನ್ನು ಕಲಿಸಿದ್ದರು. ಉಣ್ಣೆಯ ಅಂಗಿಯ ವ್ಯಾಪಾರವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.